ಅಪ್ಪನ ಅಂಗಡಿಯ ರವಿವರ್ಮ

ಪೇಟೆ ಬೀದಿಯ ಅಪ್ಪನ ಅಂಗಡಿಗೆ ಬೋರ್ಡ್ ಇರಲಿಲ್ಲ. ‘ಪಟಕ್ಕೆ ಕಟ್ಟು ಹಾಕೋರು ಎಲ್ಲವ್ರೆ?’ ಅಂತ ಮಂಡ್ಯದಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುತ್ತಿದ್ದರು. ಆರಡಿ ಅಗಲದ ಮಳಿಗೆ. ಒಂದು ಗೋಡೆಗೆ ಉದ್ದುದ್ದ ಮರದ ಪಟ್ಟಿಗಳು, ಇನ್ನೊಂದಕ್ಕೆ ಒರಗಿಸಿಟ್ಟ ಗಾಜು, ನಡುವೆ ಅಪ್ಪ. ಅಪ್ಪ ಅಡ್ಡ ತಿರುಗಿದರೆ ಗಿರಾಕಿ ಹೊರಗೇ ನಿಲ್ಲಬೇಕು. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಕೆಳಗೆ ಬಿದ್ದ ಸಣ್ಣ ಮೊಳೆಗಳನ್ನು ಆಯಸ್ಕಾಂತ ಆಡಿಸಿ ಒಟ್ಟು ಮಾಡುವುದು. ಗಾಜು ಕೊಯ್ಯುವ ಕಡ್ಡಿಯನ್ನು ಮುಟ್ಟುವ ಹಾಗಿರಲಿಲ್ಲ. ಅಪ್ಪ ಗಾಜಿನ ಮೇಲೆ ಅದನ್ನು ಒಂದೇ ಎಳೆತಕ್ಕೆ ಎಳೆದು, ಮೇಜಿನ ಅಂಚಿಗೆ ಇಟ್ಟು ಟಕ್ ಎಂದು ಮುರಿಯುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ.

ಬರುತ್ತಿದ್ದದ್ದು ಮೂರೇ ಬಗೆಯ ಪಟ. ತೀರಿಕೊಂಡವರದು, ಮದುವೆಯದು, ದೇವರದು. ತೀರಿಕೊಂಡವರ ಪಟಕ್ಕೆ ಅವಸರ, ಹನ್ನೊಂದನೇ ದಿನದೊಳಗೆ ಬೇಕು. ಮದುವೆಯದಕ್ಕೆ ಚೌಕಾಸಿ. ದೇವರ ಪಟದವರು ಮಾತ್ರ ನಿಧಾನವಾಗಿ ಕೂತು ಪಟ್ಟಿ ಆರಿಸುತ್ತಿದ್ದರು. ಹಳೇ ಕ್ಯಾಲೆಂಡರಿನ ತಿಂಗಳ ಹಾಳೆ ಕಿತ್ತುಹಾಕಿ, ಮೇಲಿನ ಲಕ್ಷ್ಮಿಯನ್ನು ಸುರುಳಿ ಸುತ್ತಿಕೊಂಡು ತರುವವರೇ ಹೆಚ್ಚು. ಕೆಳಗೆ ಯಾವುದೋ ಸಾಮಿಲ್ಲಿನ ಹೆಸರಿದ್ದರೆ ಅಪ್ಪ ಅದನ್ನು ಕತ್ತರಿಸಿ, ‘ರವಿವರ್ಮಂದು, ದಪ್ಪ ಪಟ್ಟಿನೇ ಹಾಕಿಸ್ಕಳಿ’ ಅನ್ನುತ್ತಿದ್ದ. ಶಿವಕಾಶಿಯಲ್ಲಿ ಹೋದ ವರ್ಷ ಅಚ್ಚಾದದ್ದೂ ರವಿವರ್ಮನದೇ. ಅಪ್ಪನ ಲೆಕ್ಕದಲ್ಲಿ ಚೆಂದಾಗಿ ಸೀರೆ ಉಟ್ಟುಕೊಂಡ ಹೆಂಗಸು ಪಟದಲ್ಲಿದ್ದರೆ ಅದನ್ನು ಬರೆದವನು ರವಿವರ್ಮ, ಅಷ್ಟೆ.

ಅಂಗಡಿಯಲ್ಲಿ ಮಾರಾಟಕ್ಕಿಲ್ಲದ ಪಟ ಒಂದಿತ್ತು. ದೀಪ ಹಿಡಿದ ಹೆಂಗಸಿನದು. ನೀವೂ ನೋಡಿರುತ್ತೀರಿ. ಸುತ್ತ ಕತ್ತಲು, ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಿರಲೆಂದು ಇನ್ನೊಂದು ಕೈ ಮರೆ, ಬೆರಳುಗಳ ಸಂದಿಯಲ್ಲಿ ಕೆಂಪು. ಕೇಳಿದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ: ‘ರವಿವರ್ಮಂದು. ಅಸಲು ಮೈಸೂರು ಜಗನ್ಮೋಹನ ಅರಮನೇಲೈತೆ.’

ಅಪ್ಪ ಅಸಲನ್ನು ನೋಡಿರಲಿಲ್ಲ. ಮಂಡ್ಯದಿಂದ ಮೈಸೂರು 45 ಕಿ.ಮೀ. ಪಟ್ಟಿ, ಗಾಜು ತರಲು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದ, ಸಂಜೆ ರೈಲಿನಲ್ಲಿ ಗಾಜಿನ ಕಟ್ಟನ್ನು ತೊಡೆಗೆ ಆನಿಸಿಕೊಂಡು ವಾಪಸಾಗುತ್ತಿದ್ದ. ಒಂದು ಸಲ ಕೇಳಿದ್ದೆ, ಯಾಕೆ ಹೋಗಿ ನೋಡಲಿಲ್ಲ ಅಂತ. ‘ಅಸಲು ನೋಡ್ಬುಟ್ರೆ ನಮ್ಮ ಮಾಲು ಮಾರಾಕಾಗಾಕಿಲ್ಲ ಕಣ್ಲಾ’ ಅಂದಿದ್ದ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ನನಗೆ ಇವತ್ತಿಗೂ ತಿಳಿಯದು.

ಅಪ್ಪ ಹೋದ ಮೇಲೆ ಅಂಗಡಿ ಬಿಟ್ಟುಕೊಟ್ಟೆವು. ಪಟ್ಟಿಗಳನ್ನು ಬಡಗಿಯೊಬ್ಬರು ತೂಕಕ್ಕೆ ಹಾಕಿಸಿಕೊಂಡು ಹೋದರು. ದೀಪದ ಹೆಂಗಸು ಮಾತ್ರ ಮನೆಗೆ ಬಂದಳು, ನಡುಮನೆಯಲ್ಲಿ ಟಿವಿಯ ಮೇಲೆ ಕೂತಳು. ಈ ಸಲ ರಜೆಗೆ ಬಂದಾಗ ಅವ್ವನೇ ಎತ್ತಿದಳು. ‘ನಿಮ್ಮಪ್ಪ ನೋಡ್ನಿಲ್ಲ. ಮಂಡಿ ಇನ್ನಷ್ಟು ಹೋಗೋಕ್ ಮುಂಚೆ ನಾನಾದ್ರೂ ನೋಡ್ಕಂಡ್ ಬತ್ತೀನಿ. ಕರ್ಕಂಡ್ ಹೋಗು.’

ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಪಾಂಡವಪುರ ದಾಟುವವರೆಗೂ ಕಿಟಕಿಯಾಚೆ ಕಬ್ಬು, ಭತ್ತ, ಮತ್ತೆ ಕಬ್ಬು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಬಂದಾಗ ಅವ್ವ ಸೊಂಟದ ಚೀಲದಿಂದ ಎರಡು ರೂಪಾಯಿ ತೆಗೆದು ಹೊಳೆಗೆ ಎಸೆದಳು. ಒಂದು ಅವಳದು, ಒಂದು ಅಪ್ಪನದು ಅಂದಳು.

ಜಗನ್ಮೋಹನ ಅರಮನೆಯ ಮುಂದೆ ಆಟೋ ಇಳಿದಾಗ ಅವ್ವನಿಗೆ ನಂಬಿಕೆ ಬರಲಿಲ್ಲ. ಅವಳ ಮನಸ್ಸಿನಲ್ಲಿದ್ದದ್ದು ದಸರಾದ ದೀಪದ ಅರಮನೆ. ಇದು ಅದಕ್ಕಿಂತ ಹಳೆಯದು ಎಂದು ಹೇಳಬೇಕಾಯಿತು. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. 1897ರಲ್ಲಿ ರಾಜಕುಮಾರಿಯ ಮದುವೆಯ ಹೊತ್ತಿನಲ್ಲಿ ಹಳೇ ಮರದ ಅರಮನೆಗೆ ಬೆಂಕಿ ಬಿತ್ತಲ್ಲ, ಆಗ ರಾಜಮನೆತನ ಬಂದು ಉಳಿದದ್ದು ಇಲ್ಲೇ. ಈಗ ನಾವು ನೋಡುವ ದೊಡ್ಡ ಅರಮನೆ ಮುಗಿದದ್ದು 1912ರಲ್ಲಿ. ಅಲ್ಲಿಯವರೆಗೆ ಇದೇ ಮನೆ. ನಾಲ್ವಡಿಯವರಿಗೆ 1902ರಲ್ಲಿ ಅಧಿಕಾರ ವಹಿಸಿಕೊಟ್ಟ ಸಮಾರಂಭವೂ ಇಲ್ಲೇ ಆಯಿತು, ವೈಸ್‌ರಾಯ್ ಕರ್ಜನ್ ಬಂದಿದ್ದ. 1915ರಲ್ಲಿ ಚಿತ್ರಶಾಲೆಯಾಯಿತು. ನಾನು ಇಷ್ಟು ಒದರಿದ್ದಕ್ಕೆ ಅವ್ವ ಅಂದದ್ದು, ‘ಮನೆ ಸುಟ್ಟೋದಾಗ ಇನ್ನೊಂದು ಮನೆ ಇದ್ದೋರು ಪುಣ್ಯವಂತ್ರು ಬುಡು.’

ರವಿವರ್ಮನ ಚಿತ್ರಗಳ ಮುಂದೆ ಅವ್ವ ಮೊದಲು ಮಾಡಿದ್ದು ಲಕ್ಷ್ಮಿಯನ್ನು ಹುಡುಕಿದ್ದು. ಕಮಲದ ಮೇಲೆ ನಿಂತವಳು, ಪಕ್ಕದಲ್ಲಿ ಆನೆ. ಇಲ್ಲ. ವೀಣೆಯ ಸರಸ್ವತಿ? ಅದೂ ಇಲ್ಲ. ಆ ಲಕ್ಷ್ಮಿ ಸರಸ್ವತಿಯರನ್ನು ರವಿವರ್ಮ ಬರೆದದ್ದು ಬರೋಡದ ಗಾಯಕವಾಡರಿಗೆ. ಇಲ್ಲಿರುವ ಪುರಾಣದ ದೊಡ್ಡ ಚಿತ್ರಗಳು ಅವನು ಕಡೆಗಾಲದಲ್ಲಿ ನಾಲ್ವಡಿಯವರಿಗಾಗಿ ಬರೆದವು. 1906ರ ಅಕ್ಟೋಬರಿನಲ್ಲಿ ಅವನು ಕಿಳಿಮಾನೂರಿನಲ್ಲಿ ತೀರಿಕೊಂಡ. ಜೊತೆಯಲ್ಲೇ ಊರೂರು ಸುತ್ತಿ, ಜೊತೆಯಲ್ಲೇ ಬಣ್ಣ ಹಚ್ಚುತ್ತಿದ್ದ ತಮ್ಮ ರಾಜರಾಜವರ್ಮ ಅದಕ್ಕೂ ಮುಂಚೆ, 1905ರಲ್ಲೇ ಹೋಗಿದ್ದ. ಈ ಚಿತ್ರಗಳ ಮುಂದೆ ನಿಂತಾಗ ನನಗೆ ಅದೇ ನೆನಪು. ಜೋಡೆತ್ತಿನಲ್ಲಿ ಒಂದು ಹೋದ ಮೇಲೆ ಹೂಡಿದ ಉಳುಮೆ ಇವು.

ಅವ್ವ ಹೆಚ್ಚು ಹೊತ್ತು ನಿಂತದ್ದು ಸಮುದ್ರದ ಮೇಲೆ ಬಾಣ ಹೂಡಿದ ರಾಮನ ಮುಂದೆ. ಬಂಡೆಯ ಮೇಲೆ ರಾಮ, ಮೇಲೆ ಕಪ್ಪು ಮೋಡ, ಅಲೆಗಳ ನಡುವೆ ಎದ್ದು ಬಂದ ವರುಣ. ನಮ್ಮ ಮನೆಯ ರಾಮ ಪಟ್ಟಾಭಿಷೇಕದ ರಾಮ, ನಗುತ್ತಾ ಕೂತಿರುತ್ತಾನೆ. ಈ ರಾಮನಿಗೆ ಸಿಟ್ಟು ಬಂದಿತ್ತು. ‘ಇವ್ನಿಗೂ ಸಿಟ್ಟು ಬತ್ತದೆ ಅಂತ ಹರಿಕತೇಲಿ ಕೇಳಿದ್ದೆ, ನೋಡಿರ್ನಿಲ್ಲ’ ಅಂದಳು. ಆದರೆ ಕೈ ಮುಗಿಯಲಿಲ್ಲ. ಬರುವಾಗ ರೈಲಿನ ಕಿಟಕಿಯಿಂದಲೇ ಗುಡಿಗಳಿಗೆಲ್ಲ ಕೈ ಎತ್ತಿದ್ದವಳು ಇಲ್ಲಿ ರಾಮನ ಎದುರು ಕೈ ಕಟ್ಟಿಕೊಂಡು ನಿಂತಿದ್ದಳು. ಕೇಳಿದರೆ, ‘ಕುಂಕುಮ ಇಲ್ಲ, ಹೂವಿಲ್ಲ, ಹೆಂಗ್ ಮುಗೀನಪ್ಪ?’ ಅಂದಳು.

ನಾನು ನೋಡುತ್ತಿದ್ದದ್ದು ಕಟ್ಟನ್ನು. ಚಿನ್ನದ ಬಣ್ಣದ ದಪ್ಪ ಚೌಕಟ್ಟುಗಳು. ಮೂಲೆ ಕೂಡಿದ್ದು ಹೇಗೆ, ಸಂದು ಬಿಟ್ಟಿದೆಯೇ ಎಂದು ಕಣ್ಣು ತಾನಾಗಿ ಅಲ್ಲಿಗೇ ಹೋಗುತ್ತದೆ. ಕಟ್ಟಿನಂಗಡಿಯ ಹುಡುಗನ ರೋಗ ಇದು. ಆಮೇಲೆ ಕಷ್ಟಪಟ್ಟು ಒಳಗೆ ನೋಡಿದೆ. ಒಡವೆಯ ಒಂದೊಂದು ಮಿಂಚೂ ಹತ್ತಿರ ಹೋದರೆ ಬರೀ ಒಂದು ಬೆಳ್ಳಗಿನ ಚುಕ್ಕೆ, ಕುಂಚವನ್ನು ಒತ್ತಿ ಎತ್ತಿದ ಗುರುತು. ಎರಡು ಹೆಜ್ಜೆ ಹಿಂದೆ ಬಂದರೆ ಮತ್ತೆ ಮುತ್ತು. ಬಾಲ್ಯದಿಂದ ಸಾವಿರಾರು ‘ರವಿವರ್ಮ’ಗಳನ್ನು ಕೈಯಲ್ಲಿ ಹಿಡಿದಿದ್ದೇನೆ, ಒಂದರಲ್ಲೂ ಈ ಗುರುತು ಕಂಡಿರಲಿಲ್ಲ. ಅಚ್ಚಿನಲ್ಲಿ ಅದು ಇರುವುದಿಲ್ಲ.

ಹಾಗಂತ ಅಚ್ಚನ್ನು ಹಗುರವಾಗಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ, ನಾವು ಅನ್ನ ತಿಂದದ್ದು ಅದರಿಂದ. ಅದನ್ನು ಶುರು ಮಾಡಿದವನೂ ರವಿವರ್ಮನೇ. 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಛಾಪಖಾನೆ ತೆರೆದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಒತ್ತುತ್ತಾ ಹೋಗಬೇಕು, ಒಂದು ಕೂದಲೆಳೆ ಜರುಗಿದರೂ ಲಕ್ಷ್ಮಿಗೆ ಎರಡು ಮೂಗು. ಆಮೇಲೆ ಮೇಲೆ ವಾರ್ನಿಷ್, ಎಣ್ಣೆಬಣ್ಣದ ಚಿತ್ರದ ಹಾಗೆ ಹೊಳೆಯಲಿ ಎಂದು. ಛಾಪಖಾನೆ ಲೋನಾವಳದ ಹತ್ತಿರದ ಮಳವಲಿಗೆ ಹೋಯಿತು, ಸಾಲವಾಯಿತು, ಕೊನೆಗೆ ಅಲ್ಲೇ ಕೆಲಸಕ್ಕಿದ್ದ ಶ್ಲೈಶರ್ ಎಂಬ ಜರ್ಮನ್ ಕುಶಲಕರ್ಮಿಗೆ ಮಾರಿಬಿಟ್ಟ. 1972ರಲ್ಲಿ ಅದಕ್ಕೂ ಬೆಂಕಿ ಬಿತ್ತು. ಅರಮನೆಯೊಳಗೆ ಹೋಗಲಾಗದವರ ಮನೆಗೆ ದೇವರನ್ನು ಕಳಿಸಿದ್ದು ಈ ಛಾಪಖಾನೆ. ಗುಡಿಯ ಬಾಗಿಲ ಹೊರಗೇ ನಿಲ್ಲಿಸುತ್ತಿದ್ದ ಜನರ ಕೇರಿಗೂ ಅದು ಹೋಯಿತು. ನನ್ನ ಪ್ರಕಾರ ರವಿವರ್ಮನ ದೊಡ್ಡ ಕೆಲಸ ಅದೇ. ಇಲ್ಲಿ ಗೋಡೆಯ ಮೇಲಿರುವುದು ಎರಡನೆಯದು. ಕಲೆ ಬಲ್ಲವರು ಜಗಳಕ್ಕೆ ಬರಬಹುದು, ಬರಲಿ.

ಒಮ್ಮೆ ಪಾಂಡವಪುರದ ಕಡೆಯ ಮುದುಕಿಯೊಬ್ಬರು ಅಂಥದೊಂದು ಹಳೇ ಲಕ್ಷ್ಮಿಯನ್ನು ಕಟ್ಟು ಬದಲಿಸಲು ತಂದಿದ್ದರು. ಪಟದ ಮೇಲೇ ಜರಿ ಅಂಟಿಸಿ, ಚೂರು ರೇಷ್ಮೆಯ ಸೀರೆ ಉಡಿಸಿ, ಮಣಿ ಪೋಣಿಸಿದ್ದರು. ಆ ಕಾಲದ ಹೆಂಗಸರು ಹಾಗೆ ಮಾಡುತ್ತಿದ್ದರು. ಗಾಜು ಜರಿಗೆ ತಾಗದಿರಲೆಂದು ಅಪ್ಪ ಒಳಗೆ ಸುತ್ತಲೂ ತೆಳ್ಳನೆ ಮರದ ಚಕ್ಕೆ ಕೊಟ್ಟು, ಎರಡು ದಿನ ಕೂತು ಕಟ್ಟು ಹಾಕಿದ. ಕೂಲಿ ಇಸಕೊಳ್ಳಲಿಲ್ಲ. ಬರೆದವನು ಬಿಟ್ಟದ್ದನ್ನು ಆ ಮುದುಕಿಯ ಅತ್ತೆಯೋ ಅಜ್ಜಿಯೋ ಸೂಜಿ ಹಿಡಿದು ಮುಂದುವರಿಸಿದ್ದರು. ಅಂಥ ಪಟದ ಕೆಳಗೆ ಯಾರ ಹೆಸರು ಹಾಕಬೇಕು? ಅಂಗಡಿಯಲ್ಲಿ ನನಗೆ ಹೊಳೆಯದಿದ್ದ ಪ್ರಶ್ನೆ ಇಲ್ಲಿ ಹೊಳೆಯಿತು. ಇನ್ನು ಹತ್ತು ನಿಮಿಷಕ್ಕೆ ಬೇರೊಂದು ರೂಪದಲ್ಲಿ ಮತ್ತೆ ಎದುರಾಯಿತು.

ದೀಪದ ಹೆಂಗಸಿರುವುದು ಕತ್ತಲೆಯಲ್ಲಿ. ಪರದೆ ಸರಿಸಿಕೊಂಡು ಒಳಗೆ ಹೋದೆವು. ಕಣ್ಣು ಹೊಂದಿಕೊಳ್ಳುವವರೆಗೆ ಅವ್ವ ನನ್ನ ರೆಟ್ಟೆ ಹಿಡಿದಿದ್ದಳು. ಆಮೇಲೆ ಬಿಟ್ಟಳು.

ಎಷ್ಟೋ ವರ್ಷ ದಿನಾ ನೋಡಿದ ಮುಖ. ಆದರೂ ಇದು ಬೇರೆ. ಅಂಗಡಿಯ ಪಟದಲ್ಲಿ ಹಳದಿ ಬಣ್ಣ ಬೆಳಕಿನ ಕೆಲಸ ಮಾಡುತ್ತಿತ್ತು, ಇಲ್ಲಿ ನಿಜವಾಗಿ ದೀಪ ಹೊತ್ತಿಸಿಟ್ಟು ಅದರ ಮುಂದೆ ಕಾಗದ ಹಿಡಿದಂತಿತ್ತು. ಇದು ಜಲವರ್ಣ. ಎಣ್ಣೆಬಣ್ಣವಾದರೆ ಕತ್ತಲೆಯ ಮೇಲೆ ಬೆಳಕನ್ನು ಆಮೇಲೆ ಹಚ್ಚಬಹುದು, ತಪ್ಪಿದರೆ ಕೆರೆಯಬಹುದು, ಮುಚ್ಚಬಹುದು. ನೀರುಬಣ್ಣದಲ್ಲಿ ಸಾಮಾನ್ಯವಾಗಿ ಬೆಳಕೆಂದರೆ ಹಚ್ಚದೆ ಬಿಟ್ಟ ಕಾಗದ. ಸುತ್ತ ಕತ್ತಲನ್ನು ತೆಳ್ಳಗೆ ಪದರ ಪದರವಾಗಿ ತರುತ್ತಾ, ಬೆಳಕಿರಬೇಕಾದ ಜಾಗವನ್ನು ಮೊದಲಿಂದ ಕಾಪಾಡಿಕೊಂಡು ಬರಬೇಕು. ಚಿತ್ರದೊಳಗೆ ಅವಳು ಕೈ ಮರೆ ಮಾಡಿ ದೀಪ ಕಾಯುತ್ತಿದ್ದಾಳೆ, ಹೊರಗೆ ಬರೆದವನೂ ಅದನ್ನೇ ಮಾಡಿದ್ದಾನೆ.

ಗಾಜು ಹಾಕಿದ್ದಾರೋ ಇಲ್ಲವೋ ನೋಡೋಣವೆಂದು ಬಗ್ಗಿದೆ. ‘ಕಾಗ್ದಕ್ಕೆ ಗಾಜು, ಬಟ್ಟೆಗೆ ಗಾಳಿ’ ಅನ್ನುವುದು ಅಪ್ಪನ ಪಾಠ. ಕತ್ತಲೆಯಿಂದ ‘ಸರ್, ಸ್ವಲ್ಪ ಹಿಂದಕ್ಕೆ’ ಎಂಬ ದನಿ ಬಂತು. ಹಿಂದಕ್ಕೆ ಬಂದೆ.

ಅವ್ವನ ಕಡೆ ತಿರುಗಿದರೆ ಅವಳು ತನ್ನ ಬಲಗೈಯನ್ನು ಎದೆಯ ಮುಂದೆ ಬಾಗಿಸಿ ಹಿಡಿದಿದ್ದಳು. ಖಾಲಿ ಕೈ, ಒಳಗೆ ದೀಪವಿಲ್ಲ. ‘ಬೆಳ್ಳು ಕೂಡಿಸ್ಬಾರ್ದು. ಪೂರಾ ಕೂಡಿಸಿದ್ರೆ ದಾರಿ ಕಾಣಾಕಿಲ್ಲ. ಬುಟ್ರೆ ಗಾಳಿ ನುಗ್ತದೆ’ ಅಂದಳು, ನನಗಲ್ಲ, ಚಿತ್ರಕ್ಕೆ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಹಳ್ಳಿ ಮನೆಯಲ್ಲಿ ಕರೆಂಟಿರಲಿಲ್ಲ. ಅಡುಗೆಮನೆಯಿಂದ ಹಿತ್ತಿಲ ಕೊಟ್ಟಿಗೆಗೆ ಬುಡ್ಡಿ ಹಿಡಿದು ಹೋಗಬೇಕಿತ್ತು, ನಡುವೆ ತೆರೆದ ಅಂಗಳ. ದಾರಿಯಲ್ಲಿ ಬುಡ್ಡಿ ಆರಿದರೆ ಅತ್ತೆಯಿಂದ ಬೈಗುಳ, ಬೆಂಕಿಪೊಟ್ಟಣಕ್ಕೂ ಲೆಕ್ಕವಿದ್ದ ಕಾಲ. ಅಂಗೈ ಎಷ್ಟು ಬಿಸಿಯಾಗುತ್ತಿತ್ತು, ಎಷ್ಟು ದೂರದಲ್ಲಿ ಹಿಡಿದರೆ ಸುಡುವುದಿಲ್ಲ, ಎಲ್ಲ ಅವಳಿಗೆ ಗೊತ್ತು. ಬೆರಳ ಸಂದಿಯ ಆ ಕೆಂಪನ್ನು ನಾನು ಚಿತ್ರಕಾರನ ಚಮತ್ಕಾರ ಅಂದುಕೊಂಡಿದ್ದೆ. ಅವ್ವ ಅದನ್ನು ಎಷ್ಟೋ ರಾತ್ರಿ ತನ್ನ ಕೈಯಲ್ಲೇ ನೋಡಿದ್ದಳು.

ಆಗ ಒಂದು ಸಂಸಾರ ಒಳಗೆ ಬಂತು. ಅಪ್ಪ, ಅಮ್ಮ, ಇಬ್ಬರು ಮಕ್ಕಳು. ಅಪ್ಪ ಪಿಸುಮಾತಿನಲ್ಲಿ ಮಕ್ಕಳಿಗೆ, ‘ನೋಡ್ರೋ, ಇದೇ ರವಿವರ್ಮನ ಫೇಮಸ್ ಪೇಂಟಿಂಗು’ ಅಂದರು. ನಮ್ಮಪ್ಪನ ಮಾತೇ, ದನಿ ಮಾತ್ರ ಬೇರೆ.

ತಿದ್ದಬೇಕೆನ್ನಿಸಿತು, ಬಾಯಿ ತೆರೆಯಲಿಲ್ಲ. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಅವ್ವನಿಗೆ ಹೇಳಿದೆ. ಇದು ರವಿವರ್ಮನದಲ್ಲ. ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಎಸ್.ಎಲ್. ಹಳದಣಕರ್ ಅವರದು. 1882ರಿಂದ 1968ರವರೆಗೆ ಬದುಕಿದವರು. ಇದನ್ನು ಬರೆದದ್ದು 1945–46ರ ಸುಮಾರಿಗೆ, ಅಂದರೆ ರವಿವರ್ಮ ಸತ್ತು ನಲವತ್ತು ವರ್ಷವಾದ ಮೇಲೆ. ಇಟ್ಟ ಹೆಸರು ‘ಗ್ಲೋ ಆಫ್ ಹೋಪ್’, ಭರವಸೆಯ ಬೆಳಕು. ದೀಪ ಹಿಡಿದು ನಿಂತವಳು ಅವರ ಮಗಳೇ, ಗೀತಾ. ದೀಪಾವಳಿಯಲ್ಲಿ ಸೀರೆ ಉಟ್ಟು ದೀಪ ಹಿಡಿದದ್ದನ್ನು ನೋಡಿ ಅಪ್ಪ ಹಾಗೇ ನಿಲ್ಲು ಅಂದರಂತೆ. ಮೂರು ಗಂಟೆ ನಿಂತಿದ್ದೆ ಎಂದು ಆಕೆ ಮುಪ್ಪಿನಲ್ಲಿ ನೆನೆಸಿಕೊಂಡಿದ್ದರು. 2018ರಲ್ಲಿ ಕೊಲ್ಹಾಪುರದಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ.

ಅವ್ವ ಎಲ್ಲವನ್ನೂ ಕೇಳಿದಳು. ‘ಮೂರು ಗಂಟೆ ನಿಲ್ಸಿದ್ನಾ ಮಗಳ್ನ?’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅದ್ಕೇ ಕಣ್ಮಗ. ಮೈತುಂಬ ಸೆರಗು ಹೊದ್ದವ್ಳೆ ನೋಡು. ಒಳಗಿರೋ ಆ ರವಿವರ್ಮನೋರ ಹೆಂಗಸ್ರ ತರ ಅಲ್ಲ. ಅಪ್ಪ ಬರೆದಿರೋದು.’

ಈ ಚಿತ್ರದ ಬಗ್ಗೆ ನಾನು ಓದಿದ ಯಾವ ಬರಹದಲ್ಲೂ ಈ ಮಾತು ಕಂಡಿರಲಿಲ್ಲ.

ಆಮೇಲೆ ಕೇಳಿದಳು: ‘ಹಂಗಾರೆ ನಿಮ್ಮಪ್ಪ ಅಷ್ಟು ವರ್ಷ ಸುಳ್ಳು ಹೇಳಿದ್ರಾ?’

ಸುಳ್ಳಲ್ಲ ಅಂದೆ. ಕಬ್ಬಿಣದ ಬೀರುವಿಗೆಲ್ಲ ಗೋದ್ರೆಜ್ ಅಂದಂತೆ, ವನಸ್ಪತಿಗೆಲ್ಲ ಡಾಲ್ಡಾ ಅಂದಂತೆ. ಮನೆಮನೆಗೂ ಹೋಗಿ ಹೋಗಿ ರವಿವರ್ಮ ಅನ್ನುವುದು ಒಬ್ಬ ಮನುಷ್ಯನ ಹೆಸರಾಗಿ ಉಳಿಯಲಿಲ್ಲ, ಒಂದು ಬಗೆಯ ಚೆಂದಕ್ಕೆ ಹೆಸರಾಯಿತು. ಅವ್ವನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಬೀರು ಮಾಡಿದ ಇನ್ನೊಂದು ಕಂಪನಿಗೆ ದುಡ್ಡಾದರೂ ಸಿಗುತ್ತದೆ. ಮಗಳನ್ನು ಮೂರು ಗಂಟೆ ನಿಲ್ಲಿಸಿ ಬರೆದವನ ಹೆಸರು, ಅದೂ ಅಷ್ಟು ಜನ ಪ್ರೀತಿಸಿದ ಚಿತ್ರದ ಕೆಳಗಿಂದ, ಇಷ್ಟು ಸಲೀಸಾಗಿ ಜಾರಿಹೋಗಬಾರದಿತ್ತು. ಜಾರಿಸಿದವರಲ್ಲಿ ನಮ್ಮ ಅಂಗಡಿಯೂ ಒಂದು. ಎಷ್ಟು ಪ್ರತಿಗೆ ಕಟ್ಟು ಹಾಕಿ ಕಳಿಸಿದೆವೋ ಅಷ್ಟೂ ಮನೆಗೆ ಹೆಸರನ್ನೂ ಸೇರಿಸಿ ಕಳಿಸಿದೆವು.

ಮಿಕ್ಕದ್ದನ್ನು ಓಡುನಡಿಗೆಯಲ್ಲಿ ನೋಡಿದೆ. ಅವ್ವ ಮೆಟ್ಟಿಲು ಹತ್ತುವುದಿಲ್ಲ ಅಂದಳು. ಗೋಡೆಯ ಮೇಲಿನ ಮೈಸೂರು ಶೈಲಿಯ ಚಿತ್ರಗಳು, ಒಡೆಯರ ವಂಶವೃಕ್ಷ, ಹಳೇ ವಾದ್ಯಗಳು, ಅಕ್ಕಿಕಾಳಿನ ಮೇಲೆ ಬರೆದ ಚಿತ್ರ. ಫ್ರೆಂಚ್ ಗಡಿಯಾರದ ಪುಟ್ಟ ಸಿಪಾಯಿಗಳ ಮುಂದೆ ಶಾಲೆಯ ಮಕ್ಕಳ ಸಾಲು ಗಂಟೆಗಾಗಿ ಕಾಯುತ್ತಿತ್ತು. ನಾನು ಕಾಯಲಿಲ್ಲ. ಕೆಳಗಿಳಿದಾಗ ಅವ್ವ ಪಕ್ಕದ ಹೆಂಗಸಿಗೆ ದೇವರಾಜ ಮಾರ್ಕೆಟ್ಟಿಗೆ ದಾರಿ ಕೇಳಿಕೊಂಡು ಸಿದ್ಧಳಾಗಿದ್ದಳು. ಎರಡು ಮಾರು ಮಲ್ಲಿಗೆ, ವೀಳ್ಯದೆಲೆ, ಊಟ, ಮೂರೂವರೆ ರೈಲು.

ಮನೆಗೆ ಬಂದವಳೇ ಕೈಕಾಲು ತೊಳೆದು, ದೀಪ ಹಚ್ಚಿ, ದೇವರ ಪಟಗಳಿಗೆ ಮಲ್ಲಿಗೆ ಮುಡಿಸಿದಳು. ಉಳಿದ ಗೇಣುದ್ದವನ್ನು ಟಿವಿಯ ಮೇಲಿನ ಪಟಕ್ಕೂ ಸಿಕ್ಕಿಸಿದಳು. ಹಿಂದೆ ಯಾವತ್ತೂ ಹಾಗೆ ಮಾಡಿದವಳಲ್ಲ.

ಹೂ ಸಿಕ್ಕಿಸುವಾಗ ಕಂಡಿತು, ಗಾಜಿನ ಮೂಲೆಯಲ್ಲಿ ಸೀಳು ಬಿಟ್ಟಿತ್ತು. ಮಾರನೆಯ ದಿನ ಪಟ ಇಳಿಸಿದೆ. ಹಿಂದಿನ ರಟ್ಟಿನ ಮೇಲೆ ಅಪ್ಪನ ಬಡಗಿ ಪೆನ್ಸಿಲಿನ ದಪ್ಪ ಅಕ್ಷರ: ‘ರವಿವರ್ಮ. ಕೊಡಾಂಗಿಲ್ಲ.’ ಅದರ ಕೆಳಗೆ ಹಳದಣಕರ್ ಎಂದು ಬರೆಯೋಣವೆಂದು ಪೆನ್ನು ತೆಗೆದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಬರೆದೆ. ಅಪ್ಪನ ಅಕ್ಷರದ ಪಕ್ಕ ನನ್ನದು ಪುಕ್ಕಲಾಗಿ ಕಂಡಿತು.

ಪೇಟೆ ಬೀದಿಯ ನಮ್ಮ ಹಳೇ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ. ಎರಡು ಬೀದಿ ಆಚೆ ಕಟ್ಟಿನಂಗಡಿ ಇದೆ. ಇಪ್ಪತ್ತು ದಾಟಿರದ ಹುಡುಗ, ಕಿವಿಯಲ್ಲಿ ಇಯರ್‌ಫೋನ್. ಪಟವನ್ನು ತಿರುಗಿಸಿ ಮುರುಗಿಸಿ ನೋಡಿದ, ಮೂಲೆಗಳನ್ನು ಹೆಬ್ಬೆರಳಲ್ಲಿ ಒತ್ತಿದ. ‘ಕಟ್ಟು ಗಟ್ಟಿ ಐತೆ ಸರ್, ಯಾರೋ ಚೆನ್ನಾಗ್ ಹಾಕವ್ರೆ. ಗಾಜು ಒಂದೇ ಸಾಕು’ ಅಂದ. ಬಿಲ್ ಪುಸ್ತಕ ಎಳೆದುಕೊಂಡು, ನನ್ನನ್ನು ಏನೂ ಕೇಳದೆ ಬರೆದ: ರವಿವರ್ಮ ಫೋಟೋ – 1, ಗಾಜು ಮಾತ್ರ.

‘ಗುರುವಾರ ಬನ್ನಿ ಸರ್’ ಅಂದ.